ಖಾಲಿ ರಸ್ತೆಯ ಎಡಬದಿ

ಹತ್ತರಗಿಯಲ್ಲಿ ಬಸ್ಸಿನಿಂದ ಇಳಿದಾಗ ಅಣ್ಣ ಕಲ್ಲಪ್ಪ ಕಾರು ತಂದು ರಸ್ತೆಯ ಪಕ್ಕ ಕಾಯುತ್ತಿದ್ದ. ನನ್ನನ್ನು ತಬ್ಬಿಕೊಂಡು ಗಳಗಳ ಅತ್ತ. ನಾನು ಅವನ ಬೆನ್ನು ಸವರಿದೆ. ಸತ್ತವಳು ನನ್ನ ಹೆಂಡತಿ, ಸಮಾಧಾನ ಮಾಡುವ ಪಾಳಿಯೂ ನನ್ನದೇ ಆಯಿತು. ಬ್ಯಾಗನ್ನು ಹಿಂದೆ ಹಾಕಿ, ಮುಂದಿನ ಎಡಬಾಗಿಲು ತೆಗೆದು ಕುಳಿತೆ. ಕುಳಿತವನೇ ಎರಡೂ ಕೈ ಮುಂದಕ್ಕೆ ಚಾಚಿದೆ. ಅಲ್ಲಿ ಸ್ಟೇರಿಂಗ್ ಇರಲಿಲ್ಲ.

ಹದಿಮೂರು ವರ್ಷ ನಾನು ಮಸ್ಕತ್ತಿನ ಒಂದೇ ಮನೆಯಲ್ಲಿ ಡ್ರೈವರ್ ಆಗಿದ್ದೆ. ಅಲ್ಲಿ ಸ್ಟೇರಿಂಗ್ ಎಡಕ್ಕೆ, ಗಾಡಿಗಳು ಓಡುವುದು ರಸ್ತೆಯ ಬಲಕ್ಕೆ. ಎರಡು ವರ್ಷಕ್ಕೊಮ್ಮೆ ಸೂಟಿಯ ಮೇಲೆ ಊರಿಗೆ ಬಂದಾಗ ಅಣ್ಣನ ಮೋಟಾರ್ ಸೈಕಲ್ಲಿನ ಹಿಂದೆ ಕೂತು ತಿರುಗುತ್ತಿದ್ದೆನೇ ಹೊರತು ಇಲ್ಲಿಯ ಕಾರನ್ನು ಮುಟ್ಟಿರಲಿಲ್ಲ.

"ಗಾಡಿ ನಾ ಹೊಡಿತೇನಿ ತಮ್ಮಾ. ನೀ ಸುಮ್ನ ಕುಂದ್ರು," ಎನ್ನುತ್ತ ಅಣ್ಣ ಬಲಗಡೆ ಬಂದು ಕುಳಿತ.

ಹುಕ್ಕೇರಿ, ಘಟಪ್ರಭಾ, ಗೋಕಾಕ ದಾಟಿ ನಮ್ಮೂರು ಮೂಡಲಗಿ ಮುಟ್ಟುವವರೆಗೆ ನನ್ನ ಬಲಗಾಲು ಇಲ್ಲದ ಬ್ರೇಕನ್ನು ಒತ್ತುತ್ತಲೇ ಇತ್ತು. ಎದುರಿನ ಪ್ರತಿಯೊಂದು ಲಾರಿಯೂ ತಪ್ಪು ಬದಿಯಿಂದ ಬರುತ್ತಿದೆ ಎನ್ನಿಸುತ್ತಿತ್ತು. ಕಾಲು ಒದ್ದಾಡುವುದನ್ನು ಕಂಡ ಅಣ್ಣ ಅದನ್ನು ದುಃಖ ಎಂದು ತಿಳಿದ.

"ಅತ್ತು ಬಿಡು. ಎದಿ ಹಗರ ಆಗ್ತೈತಿ."

ನನಗೆ ಅಳು ಬಂದಿರಲಿಲ್ಲ. ಲಾರಿಗಳದೇ ಚಿಂತೆಯಾಗಿತ್ತು.

ಮಾಯಾಳನ್ನು ಮಣ್ಣು ಮಾಡಿ ಆಗಲೇ ಮೂರು ದಿನವಾಗಿತ್ತು. ಕಾಗದಪತ್ರಕ್ಕೆ ಎರಡು ದಿನ, ವಿಮಾನ ಬಸ್ಸು ಸೇರಿ ಒಂದು ದಿನ. ಸತ್ತವರು ಅಷ್ಟು ಹೊತ್ತು ಯಾರಿಗೂ ಕಾಯುವುದಿಲ್ಲ. ನಮ್ಮ ಹೊಲದ ಬದುವಿನ ಮೇಲೆ ಹೊಸ ಮಣ್ಣಿನ ಗುಡ್ಡೆ, ಅದರ ಮೇಲೆ ಬಾಡಿದ ಹೂವು. ನಾನು ನಿಂತು ನೋಡಿದೆ. ಯಾರೋ ಕೈಗೆ ಒಂದು ಹಿಡಿ ಮಣ್ಣು ಕೊಟ್ಟರು, ಹಾಕಿದೆ. ಏನಾಗಿತ್ತು ಎಂದು ನಾನು ಬಿಡಿಸಿ ಕೇಳಲಿಲ್ಲ. ಕಾಮಣಿ ಅಂದರು, ಹಳದಿ ರೋಗ. ಅಷ್ಟು ಸಾಕು ಅನ್ನಿಸಿತು. ತಾಯಿಗೆ ಮೊಣಕಾಲು ನೋವು ಎಂದು ನಮಗೆಲ್ಲ ಹೇಳಿ ಎರಡು ತಿಂಗಳ ಹಿಂದೆ ಹುಕ್ಕೇರಿಯ ತವರುಮನೆಗೆ ಹೋದವಳು ಅಲ್ಲಿಂದಲೇ ಹೋಗಿಬಿಟ್ಟಿದ್ದಳು.

ಹನ್ನೊಂದು ದಿನ ಮಾತಾಡಿಸಲು ಜನ ಬಂದರು. ಹೆಂಗಸರು ಬಾಗಿಲಲ್ಲೇ ಹಾಡ್ಯಾಡಿ ಅಳುತ್ತಿದ್ದರು. ಮಾಯಾ ಕಟ್ಟಿದ ರೊಟ್ಟಿ ಬುತ್ತಿ, ಅವಳು ಸಾಕಿದ ಕುರಿಮರಿ, ಎಲ್ಲವೂ ಆ ಅಳುವಿನಲ್ಲಿ ಬರುತ್ತಿದ್ದವು. ಗಂಡಸರು ತಂಬಾಕು ತಿಕ್ಕುತ್ತ ನನ್ನ ಮುಖ ನೋಡುತ್ತಿದ್ದರು. ಈಗ ಅಳುತ್ತಾನೆ, ಇನ್ನೇನು ಅಳುತ್ತಾನೆ ಎಂದು ಎಲ್ಲರೂ ಕಾದರು. ಹಲ್ಲು ಕೀಳಿಸಲು ಇಂಜೆಕ್ಷನ್ ಚುಚ್ಚಿಸಿಕೊಂಡ ಮೇಲೆ ತುಟಿ ಇದ್ದೂ ಇಲ್ಲದಂತಿರುತ್ತದಲ್ಲ, ನನಗೆ ಮೈಯೆಲ್ಲ ಹಾಗಿತ್ತು. ಸಾತವ್ವ ಕಾಕಿ ನನ್ನ ಗದ್ದ ಹಿಡಿದೆತ್ತಿ, "ಒಂದ್ ಹನಿ ನೀರಿಲ್ಲಲ್ಲೋ ಕಣ್ಣಾಗ," ಎಂದು ಎಲ್ಲರ ಮುಂದೆ ಹೇಳಿದಳು. ಬಂದವರ ಸಲುವಾಗಿ ಅಳಲು ನಾನೇನು ನಾಟಕದವನೇ?

ಹನ್ನೆರಡನೆಯ ದಿನ ನನ್ನ ಅತ್ತೆ ಲಗಮವ್ವ ಹುಕ್ಕೇರಿಗೆ ಹೊರಟು ನಿಂತಳು. ಅವಳ ಸೆರಗು ಹಿಡಿದು ನನ್ನ ಮಗಳು ಶಿವಾನಿ ನಿಂತಿದ್ದಳು. ಹತ್ತು ವರ್ಷದ ಹುಡುಗಿ. ಅವಳ ಹತ್ತು ವರ್ಷಗಳಲ್ಲಿ ನಾನು ಅವಳ ಜೊತೆ ಇದ್ದದ್ದು ಎಲ್ಲ ಸೇರಿಸಿದರೆ ಏಳು ತಿಂಗಳಾಗಬಹುದು. ತಾಯಿಯ ಹಾಗೆಯೇ ನನಗೆ 'ರಿ' ಹಚ್ಚಿ ಮಾತಾಡುತ್ತಿದ್ದಳು.

"ಶಿವಾನಿ ಇಲ್ಲೇ ಇರ್ಲಿ ಅತ್ತಿ. ನಾ ಇನ್ನ ಹೊಳ್ಳಿ ಹೋಗಂಗಿಲ್ಲ," ಎಂದೆ.

"ಬೇಕಾದಾಗ ಬರಲಿಲ್ಲ. ಈಗ ಬಂದು ಮಣ್ಣು ನೋಡ್ತಿ," ಎಂದಳು ಅತ್ತೆ. "ಹುಡಿಗಿನ್ನ ಯಾರ ನಂಬಿಗಿ ಮ್ಯಾಲ ಬಿಡ್ಲಿ? ನಿನ್ನ ಕೈಯಾಗ ಒಂದ ಕೆಲಸ ಐತೇನು? ಡ್ರೈವರ್ ಅಂತಿ, ಮೊನ್ನಿ ಗಾಡಿ ತಗದಿ, ಏನಾತು?"

ಆದದ್ದು ಇಷ್ಟು. ಅಣ್ಣನ ಕಾರನ್ನು ಅಂಗಳದಿಂದ ಹೊರಗೆ ತೆಗೆಯಲು ಹೋಗಿ ಗೇಟಿನ ಕಂಬಕ್ಕೆ ಎಡಗಡೆಯ ಕನ್ನಡಿ ಬಡಿದು ಮುರಿದಿತ್ತು. ಎಡಕ್ಕೆ ಅಷ್ಟು ಗಾಡಿ ಚಾಚಿಕೊಂಡಿದೆ ಎಂಬ ಖಬರು ನನಗಿರಲಿಲ್ಲ. ಗೇರು ಹಾಕಲು ಬಲಗೈ ಎತ್ತಿದರೆ ಬಾಗಿಲಿಗೆ ಬಡಿಯಿತು. ಇಂಡಿಕೇಟರ್ ಎಂದು ಒತ್ತಿದರೆ ಬಿಸಿಲಲ್ಲಿ ವೈಪರ್ ಕುಣಿಯಿತು. ಇಲ್ಲಿಯ ಗಾಡಿಗಳಲ್ಲಿ ಎಲ್ಲ ತಿರುಗಾಮುರುಗಾ ಎಂದು ನಾನು ಸಿಡುಕಿದಾಗ, "ಕುಣಿಲಾರದಾಕಿ ಅಂಗಳ ಡೊಂಕ ಅಂದ್ಲಂತ," ಎಂದು ಅಣ್ಣ ನಕ್ಕಿದ್ದ. ಅತ್ತೆ ಕಟ್ಟೆಯ ಮೇಲೆ ಕೂತು ಎಲ್ಲ ನೋಡಿದ್ದಳು.

"ಮೊದಲ ನೆಟ್ಟಗ ಗಾಡಿ ಹೊಡಿಯಾಕ ಕಲಿ. ಇಲ್ಲೇ ಒಂದು ಕೆಲಸ ಹಿಡಿ. ಆಮ್ಯಾಲ ಹುಕ್ಕೇರಿಗೆ ಬಾ. ಒಂದಿನ ಅಕಿನ್ನ ಕೂಡಿಸ್ಕೊಂಡು ಮೂಡಲಗಿ ಮಟಾ ಹೋಗು. ಸುರಕ್ಷಿತ ಮುಟ್ಟಿಸಿದಿ ಅಂದ್ರ ಅಕಿ ಇಲ್ಲೇ ಇರ್ಲಿ, ಸಾಲಿನೂ ಇಲ್ಲೇ ಕಲೀಲಿ. ಏನರ ಹೆಚ್ಚು ಕಡಿಮಿ ಆತು, ಅಕಿನ್ನ ಮರತ ಬಿಡು."

ಬೇಕಾದಾಗ ಬರಲಿಲ್ಲ ಎಂದದ್ದು ಮಣ್ಣಿಗೆ ಮೂರು ದಿನ ತಡವಾದದ್ದಕ್ಕೆ ಎಂದು ನಾನು ತಿಳಿದೆ. ಮಗಳು ಬಸ್ಸು ಹತ್ತುವಾಗ ಹಿಂದೆ ತಿರುಗಿ ನೋಡಿದಳು. ನನಗೆ ಅವಳು ಬೇಕಾಗಿತ್ತು. ಬೇಕು ಎಂಬುದು ಗೊತ್ತಿತ್ತು, ಆದರೆ ಅದು ಎಲ್ಲಿಯೂ ನೋಯುತ್ತಿರಲಿಲ್ಲ.

ಗೋಕಾಕದಲ್ಲಿ ಖಂಡೆಪ್ಪ ಮಾಸ್ತರರು ಮೂವತ್ತು ವರ್ಷದಿಂದ ಕಾರು ಕಲಿಸುತ್ತಾರೆ. ಬೋಳುತಲೆ, ಕಿವಿಯಲ್ಲಿ ಕೂದಲು, ಬಾಯಲ್ಲಿ ಸದಾ ಲವಂಗ. ಅವರ ಗಾಡಿಯಲ್ಲಿ ಎಡಗಡೆಯ ಸೀಟಿನ ಕೆಳಗೂ ಒಂದು ಬ್ರೇಕು, ಒಂದು ಕ್ಲಚ್ಚು ಉಂಟು. ನಾನು ಮೊದಲ ದಿನ ನೆಟ್ಟಗೆ ಹೋಗಿ ಆ ಸೀಟಿನಲ್ಲೇ ಕುಳಿತೆ.

"ಮಸ್ಕತ್ ಸಾಹೇಬ್ರ, ಅದು ನನ್ನ ಗಾದಿರಿ," ಎಂದರು ಮಾಸ್ತರರು. "ಆ ಕಡೆ ಬರ್ರಿ."

ಹದಿಮೂರು ವರ್ಷ ಡ್ರೈವರ್ ಆಗಿದ್ದ ನಾನು ಬೆನ್ನಿಗೆ ಕೆಂಪು ಎಲ್ ಹಚ್ಚಿಕೊಂಡ ಗಾಡಿಯಲ್ಲಿ ಗೋಕಾಕದ ಪೇಟೆ ಸುತ್ತಿದೆ. ನನಗಿಂತ ಮೊದಲಿನ ಪಾಳಿ ಒಬ್ಬ ಕಾಲೇಜು ಹುಡುಗಿಯದು, ನಂತರದ್ದು ಒಬ್ಬ ಕಿರಾಣಿ ಅಂಗಡಿಯವನದು. ಅವರಿಬ್ಬರೂ ನನಗಿಂತ ಚೆನ್ನಾಗಿ ಹೊಡೆಯುತ್ತಿದ್ದರು. ಏನೂ ಗೊತ್ತಿಲ್ಲದವರಿಗೆ ಮರೆಯುವ ಕಷ್ಟವಿಲ್ಲ. ಬೇರೆ ಕಾಲದಲ್ಲಾಗಿದ್ದರೆ ನಾಚಿಕೆಯಿಂದ ಸಾಯುತ್ತಿದ್ದೆ. ಈಗ ಅದೂ ಆಗಲಿಲ್ಲ. ಹೇಳಿದಲ್ಲಿ ತಿರುಗಿಸಿದೆ, ಹೇಳಿದಲ್ಲಿ ನಿಲ್ಲಿಸಿದೆ.

ನಾಲ್ಕೈದು ದಿನದಲ್ಲಿ ಕೈ ಗೇರಿಗೆ ಹೊಂದಿಕೊಂಡಿತು. ಎಡಗಡೆಯ ಅಳತೆಯೂ ತಿಳಿಯಿತು, ತರಕಾರಿ ಬಂಡಿಗಳು ಉಳಿದುಕೊಂಡವು. ಆದರೆ ಒಂದು ತಪ್ಪು ಹೋಗಲಿಲ್ಲ. ಮಾಸ್ತರರೇ ಅದನ್ನು ಕಂಡುಹಿಡಿದರು.

"ಪ್ಯಾಟ್ಯಾಗ ನೀವು ಹುಲಿ ಇದ್ದಂಗ ಹೊಡಿತೀರಿ. ಹೊರಗ ರೋಡ್ ಖಾಲಿ ಆತಂದ್ರ ಬಲಕ್ಕ ಹೊಂಡ್ತೀರಿ. ಯಾಕಂತೇನಿ? ಪ್ಯಾಟ್ಯಾಗ ಮುಂದಿನ ಗಾಡಿ ನೋಡಿ ಅದರ ಬೆನ್ನ ಹತ್ತತೀರಿ. ಖಾಲಿ ಜಾಗಾದಾಗ ನಿಮ್ಮ ಕೈ ಅದರ ಹಳೇ ಮನಿಗೆ ಹೋಗ್ತೈತಿ."

ಅದು ನಿಜ. ಜನರಿರುವಾಗ ನಾನು ಸರಿಯಾಗಿರುತ್ತಿದ್ದೆ. ಅವರು ಉಂಡಾಗ ಉಂಡೆ, ಎದ್ದಾಗ ಎದ್ದೆ. ರಸ್ತೆಯಲ್ಲಿ ಯಾರೂ ಇಲ್ಲದಿದ್ದಾಗ, ಅದೂ ಎಲ್ಲಾದರೂ ನಿಂತು ಮತ್ತೆ ಹೊರಟಾಗ, ಗಾಡಿ ತಾನಾಗಿ ಬಲಕ್ಕೆ ಸೇರುತ್ತಿತ್ತು. ಪ್ರತಿ ಸಲ ಎಡಗಡೆಯಿಂದ ಬ್ರೇಕು ಬೀಳುತ್ತಿತ್ತು, ಲವಂಗದ ವಾಸನೆಯ ಒಂದು ಬೈಗುಳವೂ.

"ಇನ್ನೊಂದು ಕೇಳ್ತೇನಿ, ಸಿಟ್ಟಾಗಬ್ಯಾಡ್ರಿ. ಪದೇ ಪದೇ ಬಲಕ್ಕ ಏನ್ ನೋಡ್ತೀರಿ? ಆ ಕಿಡಕ್ಯಾಗ ಏನೈತಿ?"

"ಏನಿಲ್ರಿ. ಚಟ," ಎಂದೆ.

ಅಲ್ಲಿ ಮಾಯಾ ಇರುತ್ತಿದ್ದಳು. ಮಸ್ಕತ್ತಿನ ಗಾಡಿಯಲ್ಲಿ ಸ್ಟೇರಿಂಗಿನ ಬಲಕ್ಕೆ ಫೋನಿನ ಸ್ಟ್ಯಾಂಡು ಹಚ್ಚಿದ್ದೆ. ಸಾಹೇಬನ ಮಕ್ಕಳನ್ನು ಶಾಲೆಗೆ ಬಿಟ್ಟು ಬರುವಾಗ ದಿನವೂ ವಿಡಿಯೋ ಕಾಲ್. ಅವಳು ರೊಟ್ಟಿ ಬಡಿಯುತ್ತ ಮಾತಾಡುತ್ತಿದ್ದಳು, ನಾನು ಗಾಡಿ ಓಡಿಸುತ್ತ ಕೇಳುತ್ತಿದ್ದೆ. "ಹೇಣ್ತಿ ಎಡಕ್ಕ ಕುಂದ್ರಬೇಕ್ರಿ. ಬಲಕ್ಕ ಕುಂದ್ರಿಸೀರಿ ಅಂದ್ರ ಇನ್ನೂ ಅಕ್ಕಿಕಾಳು ಬಿದ್ದಿಲ್ಲಂತ ಅರ್ಥ," ಎಂದು ಕಾಡುತ್ತಿದ್ದಳು. ನಮ್ಮಲ್ಲಿ ಅಕ್ಕಿಕಾಳು ಬೀಳುವವರೆಗೆ ಮದುಮಗಳು ಬಲಗಡೆ, ಆಮೇಲೆ ಎಡಗಡೆ. ಆ ಗಾಡಿಯ ಎಡಕ್ಕೆ ಬಾಗಿಲೊಂದೇ ಇತ್ತು, ಎಲ್ಲಿ ಕೂರಿಸಲಿ? ಹೀಗೆ ಹದಿಮೂರು ವರ್ಷ ಅವಳು ನನ್ನ ಬಲಕ್ಕೇ ಇದ್ದಳು. ಇದನ್ನೆಲ್ಲ ಖಂಡೆಪ್ಪ ಮಾಸ್ತರರಿಗೆ ಹೇಳಲು ಆಗುವುದಿಲ್ಲ.

ಇಪ್ಪತ್ತನೆಯ ದಿನ ಮಾಸ್ತರರು ಇಡೀ ಹೊತ್ತು ತಮ್ಮ ಬ್ರೇಕು ಮುಟ್ಟಲಿಲ್ಲ. "ಊರಿಗೆ ಬಂದಾಕಿ ನೀರಿಗೆ ಬರಂಗಿಲ್ಲೇನು? ಬಂತ್ ನೋಡ್ರಿ," ಎಂದರು. ಮೂಡಲಗಿ ಹತ್ತಿರದ ಒಂದು ಸಕ್ಕರೆ ಕಾರ್ಖಾನೆಯಲ್ಲಿ ನೌಕರರನ್ನು ತರುವ ವ್ಯಾನಿಗೆ ಡ್ರೈವರ್ ಬೇಕಾಗಿತ್ತು, ಅಲ್ಲಿಯವರು ಸೋಮವಾರದಿಂದ ಬಾ ಎಂದರು. ಅದರ ಹಿಂದಿನ ಭಾನುವಾರ ನಾನು ಅಣ್ಣನ ಕಾರು ತೆಗೆದುಕೊಂಡು ಹುಕ್ಕೇರಿಗೆ ಹೋದೆ. ಮುರಿದ ಕನ್ನಡಿಯನ್ನು ಹೊಸದಾಗಿ ಹಾಕಿಸಿದ್ದೆ.

ಅತ್ತೆ ಗಾಡಿಯ ಸುತ್ತ ಒಂದು ಸುತ್ತು ಬಂದಳು, ಕುರಿ ಕೊಳ್ಳುವವರು ನೋಡುವ ಹಾಗೆ. ಶಿವಾನಿಯನ್ನು ಮುಂದೆ ಕೂರಿಸಿ ಬೆಲ್ಟು ತಾನೇ ಎಳೆದು ಬಿಗಿದಳು. "ನಡು ದಾರ್ಯಾಗ ನಾ ಫೋನ್ ಹಚ್ತೇನಿ. ಇದ್ದದ್ದು ಇದ್ದಂಗ ಹೇಳಬೇಕ್ ನೋಡು," ಎಂದು ಅವಳಿಗೆ ತಾಕೀತು ಮಾಡಿದಳು. ಹುಡುಗಿ ಹ್ಞೂಂ ಅಂದಳು.

ಘಟಪ್ರಭಾದವರೆಗೆ ನಾನು ರಸ್ತೆ ನೋಡಿದೆ, ಅವಳು ನನ್ನ ಕೈಗಳನ್ನು ನೋಡಿದಳು. ಸ್ಟೇಷನ್ ಹತ್ತಿರದ ಗದ್ದಲದಲ್ಲಿ ಬಸ್ಸುಗಳ ನಡುವೆ ಗಾಡಿ ದಾಟಿಸಿದಾಗ, "ಚೊಲೋ ಹೊಡಿತೀರಿ," ಎಂದಳು. ನನಗೆ ಖುಷಿಯಾಗಬೇಕಿತ್ತು. "ಹ್ಞೂಂ," ಅಂದೆ.

ಗೋಕಾಕ ದಾಟಿ ಕಲ್ಲೊಳ್ಳಿಯ ಆಚೆ ಅವಳಿಗೆ ನೀರಡಿಕೆಯಾಯಿತು. ರಸ್ತೆಯ ಬಲಗಡೆ ಒಂದು ಚಹಾದ ಅಂಗಡಿ ಇತ್ತು. ಗಾಡಿಯನ್ನು ಬಲಕ್ಕೆ ದಾಟಿಸಿ ಅಂಗಡಿಯ ಮುಂದೆಯೇ ನಿಲ್ಲಿಸಿದೆ. ಅವಳು ನೀರು ಕುಡಿದಳು, ನಾನು ಚಹಾ ಕುಡಿದೆ. ಮತ್ತೆ ಹತ್ತಿ ಹೊರಟೆವು. ರಸ್ತೆಯಲ್ಲಿ ಒಂದು ನರಪಿಳ್ಳೆಯೂ ಇರಲಿಲ್ಲ. ಎರಡೂ ಕಡೆ ಆಳೆತ್ತರದ ಕಬ್ಬು, ತಂಪು ಗಾಳಿ. ತಿಂಗಳ ಮೇಲೆ ಮೊದಲ ಸಲ ನನಗೆ ಗಾಡಿ ಓಡಿಸುವುದು ಹಗುರ ಅನ್ನಿಸಿತು. ಕೈಗೆ ಎಲ್ಲವೂ ಸರಿಯಾಗಿ ಕೂತಿತ್ತು.

ತಿರುವಿನಲ್ಲಿ ಕಬ್ಬಿನ ಟ್ರ್ಯಾಕ್ಟರ್ ಎದುರಾಯಿತು. ಹಿಂದೆ ಎರಡು ಟ್ರೇಲರ್, ಮೇಲೆ ಮನೆಯಷ್ಟು ಎತ್ತರ ಕಬ್ಬು. ಅದು ತನ್ನ ಬದಿಯಲ್ಲೇ ಬರುತ್ತಿತ್ತು. ಆ ಬದಿಯಲ್ಲಿ ನಾನೂ ಇದ್ದೆ. ಹದಿಮೂರು ವರ್ಷ ಕಲಿತ ಕೈ ಇನ್ನಷ್ಟು ಬಲಕ್ಕೆ ಎಳೆಯಿತು. ಟ್ರ್ಯಾಕ್ಟರಿನವನೂ ಅದೇ ಅಂಚಿಗೆ ಎಳೆದ. ನಾನು ಬ್ರೇಕಿನ ಮೇಲೆ ಎದ್ದು ನಿಂತೆ. ಗಾಡಿ ನಿಂತಾಗ ಟ್ರ್ಯಾಕ್ಟರಿನ ಮುಂದಿನ ಗಾಲಿ ನಮ್ಮ ಬಾನೆಟ್ಟಿನಿಂದ ಒಂದು ಗೇಣು ದೂರದಲ್ಲಿತ್ತು.

ಟ್ರ್ಯಾಕ್ಟರಿನವನು ಜೋರಾಗಿ ಹಚ್ಚಿದ್ದ ಹಾಡು ಬಂದ್ ಮಾಡಿ ಮೇಲಿಂದಲೇ ಬೈದ. "ಏನಲೇ, ಕಣ್ಣ ಹೋಗ್ಯಾವೇನು? ಕೂಸಿನ್ನ ಬಾಜೂಕ ಕುಂದ್ರಿಸ್ಕೊಂಡು ಸಾಯಾಕ ಹೊಂಟೀಯೇನು?"

ನಾನು ಗಾಡಿಯನ್ನು ಹಿಂದಕ್ಕೆ ತೆಗೆದು, ಎಡಕ್ಕೆ ದಾಟಿಸಿ, ಕಬ್ಬಿನ ಸಾಲಿಗೆ ತಾಗಿಸಿ ನಿಲ್ಲಿಸಿದೆ. ಟ್ರ್ಯಾಕ್ಟರ್ ಹೋಯಿತು. ಶಿವಾನಿ ಕಿರುಚಿರಲಿಲ್ಲ. ಎರಡೂ ಕೈಯಲ್ಲಿ ಬೆಲ್ಟು ಹಿಡಿದು ಕೂತಿದ್ದಳು. ಆಗಲೇ ಫೋನ್ ಬಂತು. ಅತ್ತೆಯದು. ನಾನು ನೋಡುತ್ತಿದ್ದಂತೆ ಹುಡುಗಿ ಫೋನ್ ಎತ್ತಿಕೊಂಡಳು.

"ಆರಾಮ ಬರಾಕತ್ತೇವಿ ಆಯಿ. ಕಲ್ಲೊಳ್ಳಿ ದಾಟೇವಿ. ಭಾಳ ಚೊಲೋ ಹೊಡಿತಾರ. ಹ್ಞೂಂ. ಏನೂ ಆಗಿಲ್ಲ. ಮನಿಗೆ ಹೋಗಿ ಹಚ್ತೇನಿ."

ದನಿ ಒಂದಿಷ್ಟೂ ನಡುಗಲಿಲ್ಲ. ನಕ್ಕಂತೆಯೂ ಇತ್ತು. ಹತ್ತು ವರ್ಷದ ಹುಡುಗಿಗೆ ಅಷ್ಟು ಸಲೀಸಾಗಿ ಸುಳ್ಳು ಬಂದದ್ದು ಕಂಡು ನನಗೆ ಟ್ರ್ಯಾಕ್ಟರಿಗಿಂತ ಹೆಚ್ಚು ಭಯವಾಯಿತು.

"ನಾ ತಪ್ಪು ಬಾಜೂಕ ಹೊಂಟಿದ್ದು ನಿನಗ ಕಂಡಿತ್ತೇನು?" ಎಂದು ಕೇಳಿದೆ.

"ಕಂಡಿತ್ರಿ. ಅಂಗಡಿ ಬಿಟ್ಟಾಗಿಂದ."

"ಮತ್ಯಾಕ ಹೇಳಲಿಲ್ಲವ್ವಾ?"

"ಗಾಡಿ ಹೊಡಿಯಾವರಿಗೆ ಕಾಳಜಿ ಆಗೋ ಮಾತು ಹೇಳಬಾರದ್ರಿ. ಅವ್ವ ಹೇಳ್ಯಾಳ."

"ಯಾವಾಗ ಹೇಳಿದ್ಲು?"

ಅವಳು ಬೆಲ್ಟಿನ ಅಂಚನ್ನು ಉಗುರಿನಿಂದ ಕೆರೆದಳು. "ಅಕಿಗೆ ಕಾಮಣಿ ಆದಾಗರಿ. ಮೊದಲ ಕಣ್ಣು ಹಳದಿ ಆದೂ. ಅಪ್ಪ ಗಾಡಿ ಹೊಡಿಮುಂದ ನೋಡ್ತಾರ, ಗಾಬರಿ ಆಗ್ತಾರ ಅಂತ ನಿಮ್ಮ ಫೋನ್ ಬಂದ ಕೂಡ್ಲೇ ನನಗ ಕಿಡಕಿ ಹಾಕಿ ಲೈಟ್ ಆರಸಾಕ ಹಚ್ಚತಿದ್ಲು. ಕರೆಂಟ್ ಇಲ್ಲ ಅನ್ನು ಅಂತಿದ್ಲು."

ಕಡೆಯ ಎರಡು ತಿಂಗಳು ನನ್ನ ಬಲಗಡೆಯ ಪರದೆ ಕಪ್ಪಗೇ ಇತ್ತು. ಹುಕ್ಕೇರಿಯಲ್ಲಿ ಯಾವಾಗ ನೋಡಿದರೂ ಕರೆಂಟ್ ಇರುವುದಿಲ್ಲವೇ ಎಂದು ನಾನು ಬೈಯುತ್ತಿದ್ದೆ. ಕತ್ತಲೆಯಲ್ಲಿ ಮಾಯಾ ನಗುವುದು ಕೇಳಿಸುತ್ತಿತ್ತು.

"ಎರಡ ಸಲ ದವಾಖಾನ್ಯಾಗ ಇಟ್ಟಿದ್ರು. ಅಲ್ಲಿ ಲೈಟ್ ಆರಸಾಕ ಬಿಡಂಗಿಲ್ಲ. ಅದಕ ನಾನ ಹೊರಗ ಬಂದು ಮಾತಾಡಿದ್ನಿ. ಅವ್ವ ನೀರಿಗೆ ಹೋಗ್ಯಾಳ ಅಂದಿದ್ನಿ. ನೆನಪೈತೇನ್ರಿ?"

ನೆನಪಿತ್ತು. ಎಷ್ಟು ಹೊತ್ತು ನೀರು ತರ್ತಾಳ ನಿಮ್ಮವ್ವ ಎಂದು ನಾನು ಕೇಳಿದ್ದೂ ನೆನಪಿತ್ತು.

"ಆಯಿಗೆ ಏನ್ ಹೇಳಿದ್ರಿ ನೀವಿಬ್ಬರೂ?" ಎಂದು ಕೇಳಿದೆ.

"ನಿಮಗ ಹೇಳೇವಿ, ಸಾಹೇಬ ಸೂಟಿ ಕೊಡವಲ್ಲ, ಕೊಟ್ಟ ಕೂಡ್ಲೇ ಬರ್ತಾರ ಅಂತ ಅವ್ವ ಹೇಳಿದ್ಲು. ಆಯಿ ತಾನ ನಿಮಗ ಫೋನ್ ಹಚ್ತೇನಿ ಅಂದ್ರ ಬ್ಯಾಡಂತಿದ್ಲು. ಆಯಿ ನನ್ನ ಕೇಳಿದ್ಲು, ಖರೇನು ಅಂತ. ನಾ ಹ್ಞೂಂ ಅಂದ್ನಿ." ಅವಳು ಮೊದಲ ಬಾರಿ ನನ್ನ ಮುಖ ನೋಡಿದಳು. "ನಾ ನಿಮಗ ಖರೆ ಹೇಳಿದ್ರ ನೀವು ಬರ್ತಿದ್ರಿ. ಹೌದಲ್ರಿ? ಅವ್ವ ಸಾಯ್ತಿರಲಿಲ್ಲ."

ಆಗ ನನಗೆ ಸಿಟ್ಟು ಬಂತು. ಮಾಯಾಳ ಮೇಲೆ. ಅಂಗಳದಲ್ಲಿ ಅತ್ತವರ ಮುಂದೆ, ಮಣ್ಣಿನ ಗುಡ್ಡೆಯ ಮುಂದೆ ಬಾರದ್ದು ಈ ಕಬ್ಬಿನ ಸಾಲಿನಲ್ಲಿ ಬಂತು. ನನ್ನನ್ನು ಕಾಯಲು ಹೋಗಿ ಈ ಕೂಸಿನ ತಲೆಯ ಮೇಲೆ ಇಂಥ ಹೊರೆ ಹೊರಿಸಿ ಹೋದೆಯಲ್ಲೇ ಎಂದು ಅವಳನ್ನು ಎದುರಿಗೆ ನಿಲ್ಲಿಸಿ ಬೈಯಬೇಕಾಗಿತ್ತು. ಅವಳು ಎಲ್ಲಿಯೂ ಇರಲಿಲ್ಲ. ಇನ್ನು ಇರುವುದೂ ಇಲ್ಲ ಎಂಬುದು ನನಗೆ ತಿಳಿದದ್ದು ಆಗಲೇ. ಸ್ಟೇರಿಂಗಿಗೆ ಹಣೆ ಹಚ್ಚಿ ಅತ್ತುಬಿಟ್ಟೆ. ಹಣೆ ಒತ್ತಿ ಹಾರ್ನು ಕೂಗಿತು, ಹುಡುಗಿ ಬೆಚ್ಚಿದಳು. ನಾನು ತಲೆ ಎತ್ತಿ ಅವಳನ್ನು ಎಳೆದು ಹಿಡಿದುಕೊಂಡೆ. ಅವಳು ನನ್ನ ಅಂಗಿಯಲ್ಲಿ ಮುಖ ಹುದುಗಿಸಿದಳು.

"ಇಲ್ಲವ್ವಾ. ನಾ ಬಂದ್ರೂ ಕಾಮಣಿ ಬಿಡ್ತಿರಲಿಲ್ಲ," ಎಂದೆ. ಅದು ನಿಜವೋ ಸುಳ್ಳೋ ನನಗೆ ಈಗಲೂ ಗೊತ್ತಿಲ್ಲ. "ನಿಂದೇನೂ ತಪ್ಪಿಲ್ಲ. ಇನ್ನ ಮುಂದ ಆರಾಮ ಇಲ್ಲಂದ್ರ ಇಲ್ಲ ಅನ್ನು. ಯಾರ ಸಲುವಾಗೂ ಆರಾಮ ಅನಬ್ಯಾಡ."

ಹೇಳಿ ಮುಗಿಸಿದಾಗ ಫೋನು ನಮ್ಮಿಬ್ಬರ ನಡುವೆ ಬಿದ್ದಿತ್ತು. ಮೂಡಲಗಿ ಇನ್ನು ಹದಿನೈದು ನಿಮಿಷದ ದಾರಿ. ಸುಮ್ಮನೆ ಹೋಗಿ ಮುಟ್ಟಿದ್ದರೆ ಮಗಳು ನನ್ನವಳಾಗುತ್ತಿದ್ದಳು. ಆದರೆ ಆಗಷ್ಟೇ ಹೇಳಿದ ಮಾತನ್ನು ಆಗಲೇ ನುಂಗಿದರೆ ಅವಳು ನನ್ನಿಂದ ಕಲಿಯುವುದೇನು? ಅತ್ತೆಗೆ ಫೋನ್ ಹಚ್ಚಿದೆ.

"ಅತ್ತಿ, ಶಿವಾನಿ ಹೇಳಿದ್ದು ಖರೆ ಅಲ್ರಿ. ನನ್ನ ಉಳಸಾಕ ಹೇಳ್ಯಾಳ, ಅಕಿಗೆ ಬೈಬ್ಯಾಡ್ರಿ. ನಾ ತಪ್ಪು ಬಾಜೂಕ ಹೊಡದ್ನಿ. ಟ್ರ್ಯಾಕ್ಟರ್ ಎದುರಿಗೆ ಬಂತು. ಯಾರಿಗೂ ಏನೂ ಆಗಿಲ್ಲ. ಗೇಣಿನಾಗ ಉಳದೇವಿ."

ಅತ್ತೆಯ ದನಿ ಏರಿ ಬಂತು. ಆ ದನಿಗೆ ಸ್ಪೀಕರ್ ಬೇಕಾಗಿಲ್ಲ, ಹುಡುಗಿಗೂ ಎಲ್ಲ ಕೇಳಿಸುತ್ತಿತ್ತು.

"ಹೊಳ್ಳಿಸು ಗಾಡಿ. ನನ್ನ ಮೊಮ್ಮಗಳನ ತಂದ ಬಿಡು. ಎರಡ ತಿಂಗಳು ನನ್ನ ಮಗಳು ಹಾಸಗಿ ಹಿಡದಿದ್ಲು. ಬಾಗಲಾ ನೋಡಕೋತ ಬಿದ್ದಿದ್ಲು. ಗೊತ್ತಿದ್ದೂ ಬರಲಿಲ್ಲ ನೀ. ಸಾಹೇಬ ಬಿಡವಲ್ಲಂತ! ಇಂಥಾವನ ಕೈಯಾಗ ಹುಡಿಗಿನ್ನ ಹೆಂಗ ಕೊಡ್ಲಿ? ಮಾತಾಡು. ಗೊತ್ತಿತ್ತಿಲ್ಲ ನಿನಗ?"

ಶಿವಾನಿಯ ಮುಖದಲ್ಲಿ ರಕ್ತವಿರಲಿಲ್ಲ. ಮತ್ತೆ ಎರಡೂ ಕೈಯಲ್ಲಿ ಬೆಲ್ಟು ಹಿಡಿದುಕೊಂಡಿದ್ದಳು. ಗೊತ್ತಿರಲಿಲ್ಲ ಎಂಬ ಒಂದು ಮಾತು ನನ್ನ ನಾಲಿಗೆಯ ತುದಿಯಲ್ಲೇ ಇತ್ತು. ಅದನ್ನು ಹೇಳಿದ್ದರೆ ಅತ್ತೆ ಮುಂದಿನ ಪ್ರಶ್ನೆಯನ್ನು ಈ ಹುಡುಗಿಗೆ ಕೇಳುತ್ತಿದ್ದಳು.

"ಹೌದ್ರಿ ಅತ್ತಿ, ಗೊತ್ತಿತ್ತು," ಎಂದೆ. "ಬರಬೇಕಾಗಿತ್ತು. ನನ್ನ ತಪ್ಪಾತು."

ಅತ್ತೆ ಫೋನ್ ಇಟ್ಟಳು. ಶಿವಾನಿ ಏನೋ ಹೇಳಲು ಹೋಗಿ ಬಿಕ್ಕಿದಳು. ಅವಳು ಅತ್ತು ಮುಗಿಸುವವರೆಗೆ ನಾನು ಗಾಡಿ ಚಾಲೂ ಮಾಡಲಿಲ್ಲ. ಆಮೇಲೆ ಮುಂದೆಯೂ ಹಿಂದೆಯೂ ನಾಲ್ಕು ಸಲ ನೋಡಿ ಗಾಡಿ ತಿರುಗಿಸಿದೆ. ಸೋಮವಾರ ಕಾರ್ಖಾನೆಯ ವ್ಯಾನಿಗೆ ಹೋಗುವುದಿಲ್ಲ, ಇನ್ನೊಂದು ತಿಂಗಳು ಖಂಡೆಪ್ಪ ಮಾಸ್ತರರ ಬಳಿಗೆ ಹೋಗುತ್ತೇನೆ ಎಂದು ಅವಳಿಗೆ ಹೇಳಿದೆ. ಅವಳು ಮೂಗು ಒರೆಸಿಕೊಂಡು ನೆಟ್ಟಗೆ ಕುಳಿತಳು.

ಗೋಕಾಕದ ಪೇಟೆ ಮುಗಿದು ಘಟಪ್ರಭಾದ ಕಡೆಗೆ ಹೊರಳಿದಾಗ ರಸ್ತೆ ಮತ್ತೆ ಖಾಲಿಯಾಯಿತು.

"ಎಡಕ್ಕರಿ ಅಪ್ಪಾ!" ಎಂದು ಅವಳು ಜೋರಾಗಿ ಕೂಗಿದಳು.

ನಾನು ಎಡಕ್ಕೇ ಇದ್ದೆ. ಆದರೂ ಹ್ಞೂಂ ಎಂದು ಇನ್ನೊಂದಿಷ್ಟು ಎಡಕ್ಕೆ ತೆಗೆದುಕೊಂಡೆ. ಹುಕ್ಕೇರಿ ಮುಟ್ಟುವವರೆಗೆ ಪ್ರತಿ ತಿರುವಿನಲ್ಲೂ ಅವಳು ಕೂಗುತ್ತಲೇ ಇದ್ದಳು.